ತಲೆದಿಂಬಿಗೊಂದು ಟಿಕೆಟ್

ಬಸ್ಸಿನ ಕೆಲಸದಿಂದ ನಿವೃತ್ತರಾಗಿ ಮನೆ ಸೇರಿದ ಕಂಡಕ್ಟರು ಮನೆಯನ್ನೇ ಬಸ್ಸು ಮಾಡಿಕೊಂಡಿದ್ದಾರೆ ಎಂದು ಅವರ ಹೆಂಡತಿ ಟೀಚರಮ್ಮ ಬೀದಿಯವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದರು. ಆ ನಗು ಅಕ್ಕ ಬರುವ ತನಕ ನಡೆಯಿತು.

ಟೀಚರಮ್ಮ ಶಿಶುವಿಹಾರದಲ್ಲಿ ಟೀಚರಾಗಿದ್ದವರು. ಊರಿನ ಅರ್ಧ ಮಕ್ಕಳ ಮೂಗು ಒರೆಸಿ, ಶೂ ಲೇಸು ಕಟ್ಟಿ, ಅತ್ತವರನ್ನು ನಗಿಸಿ ಬದುಕಿದ ಹೆಂಗಸಿಗೆ ಒಬ್ಬ ಗಂಡನನ್ನು ಸಂಭಾಳಿಸುವುದು ದೊಡ್ಡ ಮಾತಲ್ಲ. ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ತುತ್ತೂರಿ ಕಲಿಯುವವನು ಖಾಲಿ ಮಾಡಿಕೊಂಡು ಹೋದಾಗ ಇಡೀ ಬೀದಿ ಉಸ್ಸಪ್ಪಾ ಎಂದಿತು. ಆಮೇಲೆ ಆ ಕೋಣೆಯನ್ನು ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಡೋಣ ಎಂದವರು ಟೀಚರಮ್ಮ. ಫೋನಿನ ಆ್ಯಪಿನಲ್ಲಿ ಫೋಟೊ ಹಾಕಿದ್ದು, ಕಿಟಕಿಗೆ ಹೊಸ ಪರದೆ ಕಟ್ಟಿದ್ದು, ಸ್ನಾನದ ಮನೆಯಲ್ಲಿ ಹೆಬ್ಬೆರಳಿನಷ್ಟು ಸೋಪುಗಳನ್ನು ಜೋಡಿಸಿದ್ದು ಎಲ್ಲ ಅವರೇ. ಕಂಡಕ್ಟರು ಆ ಕಡೆ ತಲೆಯನ್ನೂ ಹಾಕಲಿಲ್ಲ, ತೆರಿಗೆಯ ವಿಷಯ ಕಿವಿಗೆ ಬೀಳುವವರೆಗೆ.

ಆ ಊರಿನಲ್ಲಿ ಹೀಗೆ ಕೋಣೆ ಕೊಡುವವರು ತಂಗುತೆರಿಗೆ ಎಂಬುದನ್ನು ಅತಿಥಿಗಳಿಂದ ಪಡೆದು ನಗರಸಭೆಗೆ ಕಟ್ಟಬೇಕು. ಎಷ್ಟು ತಲೆಯೋ ಅಷ್ಟು, ಎಷ್ಟು ರಾತ್ರಿಯೋ ಅಷ್ಟು. ಚಿಕ್ಕ ಮಕ್ಕಳಿಗೆ ಇಲ್ಲ. ತಲೆಗೆ ಬೀಳುವುದು ಒಂದು ಲೋಟ ಚಹಾದ ದುಡ್ಡು. ಬೇರೆಯವರು ಇದನ್ನು ಬಾಡಿಗೆಯೊಳಗೇ ಸೇರಿಸಿ, ತಿಂಗಳಿಗೊಮ್ಮೆ ಗೊಣಗಿಕೊಂಡು ಕಟ್ಟಿ ಕೈತೊಳೆದುಕೊಳ್ಳುತ್ತಿದ್ದರು. ಕಂಡಕ್ಟರು ಮಾತ್ರ ನಿಯಮದ ಹಾಳೆಯನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿದರು. ತಲೆ ಎಣಿಸುವುದು, ತಲೆಗಿಷ್ಟು ಅಂತ ಪಡೆಯುವುದು, ಮಕ್ಕಳನ್ನು ಬಿಡುವುದು, ಸರ್ಕಾರಕ್ಕೆ ಒಪ್ಪಿಸುವುದು.

"ಇದು ನನ್ನ ಕೆಲಸಾನೇ ಕಣೇ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಮರುದಿನವೇ ಪ್ರೆಸ್ಸಿಗೆ ಹೋಗಿ ಗುಲಾಬಿ ಬಣ್ಣದ ಟಿಕೆಟ್ ಪುಸ್ತಕ ಅಚ್ಚು ಹಾಕಿಸಿದರು. ತೂತು ಹಾಕುವ ಪಂಚು ಬಂತು, ಹೆಗಲಿಗೆ ಚರ್ಮದ ಚೀಲ ಬಂತು. ಅತಿಥಿಗಳು ಸೂಟ್‌ಕೇಸ್ ಹೊತ್ತು ಮೆಟ್ಟಿಲು ಹತ್ತುತ್ತಿದ್ದರೆ ಹಿಂದಿನಿಂದ, "ಒಳಗೆ ನಡೀರಿ, ಬಾಗಿಲಲ್ಲಿ ನಿಲ್ಲಬೇಡಿ, ಟಿಕೆಟ್ ಯಾರದು ಆಗಬೇಕು?" ಎಂಬ ದನಿ. ದೊಡ್ಡ ನೋಟು ಕೊಟ್ಟವರಿಗೆ ಬಾಕಿ ಚಿಲ್ಲರೆಯನ್ನು ಟಿಕೆಟ್ಟಿನ ಬೆನ್ನಿಗೆ ಬರೆದು, "ಇಳಿಯುವಾಗ ಕೇಳಿ ತಗೊಳ್ಳಿ," ಎನ್ನುತ್ತಿದ್ದರು. ಮಕ್ಕಳನ್ನು ಬಾಗಿಲಿನ ಚೌಕಟ್ಟಿಗೆ ನಿಲ್ಲಿಸಿ ಅಳೆಯುತ್ತಿದ್ದರು. ನಿಯಮದಲ್ಲಿದ್ದದ್ದು ವಯಸ್ಸು, ಎತ್ತರವಲ್ಲ. ಆದರೆ ಮಕ್ಕಳ ವಯಸ್ಸಿನ ವಿಷಯದಲ್ಲಿ ಹೆತ್ತವರನ್ನು ನಂಬಬಾರದು ಎಂಬುದು ಅವರ ಇಡೀ ಸರ್ವೀಸಿನ ಸಾರ. ಅತಿಥಿಗಳಿಗೆ ಇದೆಲ್ಲ ಬಲು ಮೆಚ್ಚಿಗೆಯಾಗಿ, 'ಟಿಕೆಟ್ ಅಂಕಲ್ ಸೂಪರ್' ಎಂದು ಬರೆದು ಐದು ನಕ್ಷತ್ರ ಕೊಟ್ಟು ಹೋಗುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಟೀಚರಮ್ಮನೂ ಸುಮ್ಮನಾದರು.

ತೊಂದರೆ ಶುರುವಾದದ್ದು ಪಕ್ಕದ ಮನೆಯವರು ಒಂದು ರಾತ್ರಿ ಟಿವಿ ನೋಡುತ್ತಾ ನೋಡುತ್ತಾ ಇವರ ಸೋಫಾದಲ್ಲೇ ನಿದ್ದೆಹೋದಾಗ. ಇವರಿಗೂ ತೆರಿಗೆಯುಂಟೇ ಎಂಬ ಸಂಶಯ ಕಂಡಕ್ಟರ ತಲೆಯನ್ನು ಹೊಕ್ಕಿತು. ನಗರಸಭೆಗೆ ಹೋಗಿ ಕೌಂಟರಿನಲ್ಲಿದ್ದ ಹೆಂಗಸನ್ನು ಕೇಳಿದರು.

"ಸೋಫಾದಲ್ಲಿ ಮಲಗಿದ್ರೂ ಲೆಕ್ಕಾನಾ ಮೇಡಂ?"

"ಅದು ನೀವೇ ನೋಡಿಕೊಳ್ಳಿ."

"ಮಧ್ಯಾಹ್ನ ಮಲಗಿ ರಾತ್ರಿ ಎದ್ದರೆ?"

"ಇಲ್ಲ."

"ರಾತ್ರಿ ಬಂದು, ಮಲಗದೇ ಗೋಡೆಗೊರಗಿ ಕೂತಿದ್ರೆ?"

ಹಿಂದೆ ಸಾಲು ಬಾಗಿಲು ದಾಟಿ ಬೀದಿಗೆ ಬಂದಿತ್ತು. ಆ ಹೆಂಗಸು ಹಣೆ ಒತ್ತಿಕೊಂಡು, "ಸ್ವಾಮಿ, ನಿಮ್ಮ ಮನೇಲಿ ರಾತ್ರಿ ದಿಂಬಿಗೆ ತಲೆ ಕೊಟ್ಟೋರಿಗೆಲ್ಲ ಕಟ್ಟಿಬಿಡಿ. ನನ್ನನ್ನ ಬಿಟ್ಟುಬಿಡಿ," ಎಂದರು. ತಲೆನೋವಿನಲ್ಲಿ ಬಂದ ಆ ಮಾತನ್ನು ಕಂಡಕ್ಟರು ವೇದವಾಕ್ಯ ಮಾಡಿಕೊಂಡು ಮನೆಗೆ ಬಂದರು. ಪಕ್ಕದ ಮನೆಯವರು ಅಂದಿನಿಂದ ಟಿವಿಯನ್ನು ನಿಂತುಕೊಂಡೇ ನೋಡುತ್ತಾರೆ.

ಕಂಡಕ್ಟರು ಹೀಗೆ ಹೆದರುವುದಕ್ಕೂ ಕಾರಣವಿತ್ತು. ಸರ್ವೀಸಿನಲ್ಲಿ ಚೆಕಿಂಗಿನವರು ಎಷ್ಟೋ ಸಲ ಅವರ ಬಸ್ಸು ಹತ್ತಿದ್ದರು, ಟಿಕೆಟ್ ಇಲ್ಲದ ಒಂದು ನರಪಿಳ್ಳೆಯೂ ಸಿಕ್ಕಿರಲಿಲ್ಲ. ತಪ್ಪಿಗೆಂದು ಒಂದು ಮೆಮೊವನ್ನೂ ತಿನ್ನದ ಕಂಡಕ್ಟರು ಎಂದು ಡಿಪೋದಲ್ಲೆಲ್ಲ ಹೆಸರು. ಈಗ ತೆರಿಗೆಯ ಚೆಕಿಂಗಿನವರು ಈ ಬೀದಿಯಲ್ಲಿ ತಿರುಗತೊಡಗಿದ್ದರು. ಎದುರುಮನೆಯ ಹಲ್ಲಿನ ಡಾಕ್ಟರು ತಮ್ಮ ಮನೆಯಲ್ಲಿದ್ದ ನಾಲ್ವರು ಪ್ರವಾಸಿಗರನ್ನು 'ದೊಡ್ಡಪ್ಪನ ಮಕ್ಕಳು' ಎಂದು ತೋರಿಸಿ ಸಿಕ್ಕಿಬಿದ್ದಿದ್ದರು. ಆ ದೊಡ್ಡಪ್ಪನ ಮಕ್ಕಳಿಗೆ ಡಾಕ್ಟರ ಹೆಸರು ಗೊತ್ತಿರಲಿಲ್ಲ. ದೊಡ್ಡಪ್ಪನ ಹೆಸರು ಡಾಕ್ಟರಿಗೇ ಗೊತ್ತಿರಲಿಲ್ಲ. ದಂಡವೂ ಬಿತ್ತು, ಕೋಣೆ ಕೊಡುವ ಲೈಸೆನ್ಸೂ ಹೋಯಿತು.

ಹೀಗಿರುವಾಗ ಅಕ್ಕನ ಫೋನು ಬಂತು.

ಅಕ್ಕ ಎಂದರೆ ಟೀಚರಮ್ಮನ ಒಡಹುಟ್ಟಿದ ಒಬ್ಬರೇ ಅಕ್ಕ. ಅಮ್ಮ ತೀರಿಕೊಂಡ ವರ್ಷ ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಎಂಬಲ್ಲಿ ಮಾತಿಗೆ ಮಾತು ಬೆಳೆದಿತ್ತು. ಅಕ್ಕ ಯಂತ್ರದ ಮೇಲ್ಭಾಗವನ್ನು ಬಿಚ್ಚಿ ಎದೆಗವಚಿಕೊಂಡು ಹೋದರು, ಕಾಲಿನಿಂದ ತುಳಿಯುವ ಕಬ್ಬಿಣದ ಸ್ಟ್ಯಾಂಡು ಇಲ್ಲಿ ಉಳಿಯಿತು. ಅಂದಿನಿಂದ ಇಬ್ಬರೂ ಒಂದು ದಿಂಬಿನ ಚೀಲವನ್ನೂ ಹೊಲಿದಿಲ್ಲ, ಒಂದು ಮಾತನ್ನೂ ಆಡಿಲ್ಲ.

"ಇವರ ಕಣ್ಣು ತೋರಿಸೋಕೆ ನಿಮ್ಮೂರಿಗೆ ಬರ್ತಾ ಇದೀವಿ," ಎಂದಿತು ಫೋನಿನ ಆ ತುದಿ. "ಹೋಟೆಲಲ್ಲಿ ಇಳ್ಕೋತೀವಿ. ಸುಮ್ನೆ ತಿಳಿಸೋಣ ಅಂತ."

"ಹೋಟೆಲ್ ಯಾಕೆ, ಮನೆ ಇಲ್ವಾ?" ಎಂದರು ಟೀಚರಮ್ಮ.

ಫೋನಿಟ್ಟ ಮೇಲೆ ಅವರು ಬಹಳ ಹೊತ್ತು ಅಡಿಗೆಮನೆಯ ಸ್ಟೂಲಿನ ಮೇಲೆ ಕೂತಿದ್ದರು. ಅಕ್ಕ ತಾವಾಗಿಯೇ ಫೋನು ಮಾಡಿದ್ದಾರೆ. ಆ ಹಟಮಾರಿ ಇನ್ನೊಂದು ಸಲ ಮಾಡುವವರಲ್ಲ. ಈ ಸಲ ಮುನಿಸಿಕೊಂಡು ಹೋದರೆ ಮುಗಿಯಿತು, ಮತ್ತೆ ಬರುವುದಿಲ್ಲ. ಮುನಿಸು ಆರುವ ತನಕ ಕಾಯೋಣ ಎನ್ನಲು ಇಬ್ಬರಿಗೂ ಈಗ ಆ ವಯಸ್ಸಲ್ಲ. ಟೀಚರಮ್ಮನಿಗೆ ಅಕ್ಕ ಬೇಕಾಗಿತ್ತು, ತುಂಬಾ ಬೇಕಾಗಿತ್ತು.

"ರೀ, ಇಲ್ಲಿ ಬನ್ನಿ," ಎಂದು ಗಂಡನನ್ನು ಕರೆದರು. "ಅಕ್ಕ ಭಾವ ಬರ್ತಾರೆ. ಟಿಕೆಟ್ಟು ಗಿಕೆಟ್ಟು ಅಂತ ಬಾಯಿ ಬಿಟ್ರೆ ನೋಡಿ."

"ದಿಂಬಿಗೆ ತಲೆ ಕೊಟ್ಟೋರಿಗೆಲ್ಲ ಅಂತ ನಗರಸಭೆ ಆಯಮ್ಮ ಹೇಳಿದಾರಲ್ಲೇ."

"ಆಯಮ್ಮನ ಅಕ್ಕ ಅಲ್ಲ ಬರ್ತಿರೋದು, ನನ್ನ ಅಕ್ಕ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ಅವಳ ಹತ್ರ ಒಂದು ಪೈಸೆ ಕೇಳಲ್ಲ ಅಂತ ಆಣೆ ಮಾಡಿ."

"ಕೇಳಲ್ಲ," ಎಂದು ಕಂಡಕ್ಟರು ತಮ್ಮ ಬೋಳುತಲೆಯ ಮೇಲೆ ತಾವೇ ಕೈಯಿಟ್ಟುಕೊಂಡರು. ಟೀಚರಮ್ಮ ಅಷ್ಟಕ್ಕೇ ಬಿಡದೆ ಚರ್ಮದ ಚೀಲ, ಪಂಚು, ಟಿಕೆಟ್ ಪುಸ್ತಕ ಎಲ್ಲವನ್ನೂ ಬೀರುವಿನೊಳಗೆ ತುಂಬಿ, ಬೀಗದ ಕೈಯನ್ನು ರವಿಕೆಯೊಳಗೆ ಸೇರಿಸಿಕೊಂಡರು.

ಅಕ್ಕ ಭಾವ ಸಂಜೆಗೆ ಬಂದರು. ಭಾವ ಒಳ್ಳೆಯ ಗುಂಡಗಿನ ಆಳು, ಕೂತಲ್ಲೇ ನಿದ್ದೆ. ಅಕ್ಕ ತೆಳ್ಳಗಾಗಿದ್ದರು, ಆದರೆ ಗಲ್ಲ ಎತ್ತಿ ನಡೆಯುವ ಠೀವಿ ಇನ್ನೂ ಹಾಗೇ ಇತ್ತು. ಬಾಗಿಲಲ್ಲಿ ಇಬ್ಬರೂ ಮುಖ ಮುಖ ನೋಡಿಕೊಂಡು ನಿಂತರು. ತಬ್ಬಿಕೊಳ್ಳಬೇಕೆಂದು ಟೀಚರಮ್ಮ ಕೈಯೆತ್ತುವಷ್ಟರಲ್ಲಿ ಅಕ್ಕ ಹಣ್ಣಿನ ಬುಟ್ಟಿಯನ್ನು ಮುಂದೆ ಹಿಡಿದರು. ಕೈ ಬುಟ್ಟಿಗೆ ಹೋಯಿತು.

"ಚಹಾಗೆ ಸಕ್ಕರೆ ಎಷ್ಟು?"

"ನಿಮಗೆ ಹೇಗೆ ಅನುಕೂಲಾನೋ ಹಾಗೆ," ಎಂದರು ಅಕ್ಕ.

ನಿಮಗೆ. ಹುಟ್ಟಿದಾಗಿನಿಂದ ಪುಟ್ಟಿ, ಕತ್ತೆ, ಕೋತಿ ಎಂದು ಕರೆದ ಬಾಯಿಂದ ನಿಮಗೆ. ಊಟದ ಹೊತ್ತಿನಲ್ಲೂ ಅದೇ ಉಪಚಾರ. ನೀವು ಸುಮ್ಮನೆ ತೊಂದರೆ ತಗೊಂಡಿರಿ, ಛೆ, ತೊಂದರೆ ಏನು ಬಂತು, ಇನ್ನೊಂದು ಸ್ವಲ್ಪ ಹಾಕಿಸಿಕೊಳ್ಳಿ, ಬೇಡ, ಹೊಟ್ಟೆ ತುಂಬಿತು. ಬ್ಯಾಂಕಿನ ಮ್ಯಾನೇಜರನ್ನು ಊಟಕ್ಕೆ ಕರೆದ ಹಾಗಿತ್ತು. ಇದಕ್ಕಿಂತ ಮಾತು ಬಿಟ್ಟಿದ್ದೇ ವಾಸಿ ಎಂದು ಟೀಚರಮ್ಮನಿಗೆ ಒಮ್ಮೆ ಅನಿಸಿತು. ಊಟ ಮುಗಿದದ್ದೇ ಭಾವ ಸೋಫಾದಲ್ಲಿ ಗೊರಕೆ ಹೊಡೆದರು, ಅಕ್ಕ ಅವರನ್ನು ಅಲುಗಾಡಿಸಿ ಎಬ್ಬಿಸಿ ಮಹಡಿಗೆ ಹತ್ತಿಸಿದರು. ನಾಳೆ ಹೇಗಾದರೂ ಮಾಡಿ ಅಕ್ಕನ ಬಾಯಲ್ಲಿ ಪುಟ್ಟಿ ಅನ್ನಿಸಬೇಕು ಎಂದುಕೊಂಡು ಟೀಚರಮ್ಮ ಮಲಗಿದರು.

ಬೆಳಿಗ್ಗೆ ಎಲ್ಲರೂ ಮೇಜಿನ ಮುಂದೆ ಕೂತಿದ್ದರು. ಬ್ರೆಡ್ಡು, ಜಾಮು, ಬೇಯಿಸಿದ ಮೊಟ್ಟೆ. ಭಾವ ಕನ್ನಡಕಕ್ಕೆಂದು ಅಂಗಿಯ ಜೇಬಿಗೆ ಕೈ ಹಾಕಿದರು. ಕನ್ನಡಕದ ಜೊತೆ ಗುಲಾಬಿ ಬಣ್ಣದ ಚೀಟಿಯೊಂದು ಹೊರಗೆ ಬಂದು ಜಾಮಿನ ಮೇಲೆ ಬಿತ್ತು.

"ಇದೇನಿದು?" ಎಂದು ಭಾವ ಅದನ್ನು ಕಣ್ಣಿನ ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದು ನೋಡಿ, ಕೊನೆಗೆ ಹೆಂಡತಿಯ ಕೈಗೆ ಕೊಟ್ಟರು. "ನೀನೇ ಓದು."

ಅಕ್ಕ ಓದಿದರು. "ತಂಗುತೆರಿಗೆ. ದೊಡ್ಡವರು ಇಬ್ಬರು. ಒಂದು ರಾತ್ರಿ. ಹಣ ಸಂದಿದೆ."

ಟೀಚರಮ್ಮ ಗಂಡನ ಕಡೆ ತಿರುಗಿದರು. ಕಂಡಕ್ಟರು ಮೊಟ್ಟೆಯ ಸಿಪ್ಪೆಯನ್ನು ಬಹಳ ಗಮನವಿಟ್ಟು ಸುಲಿಯುತ್ತಿದ್ದರು.

"ಬೀಗ ಹಾಕಿದ್ದೆನಲ್ಲ," ಎಂದರು ಟೀಚರಮ್ಮ.

"ಅದಕ್ಕೆ ಮುಂಚೆ ಒಂದು ಹರಿದಿಟ್ಟುಕೊಂಡಿದ್ದೆ," ಎಂದರು ಕಂಡಕ್ಟರು. "ನಿದ್ದೆ ಹೋದ ಪ್ರಯಾಣಿಕರನ್ನ ಎಬ್ಬಿಸದೆ ಟಿಕೆಟ್ ಜೇಬಿಗೆ ಸೇರಿಸೋದು ನಮ್ಮಲ್ಲಿ ಪದ್ಧತಿ. ಅತ್ತಿಗೆ, ನೀವೇನೂ ಕೊಡಬೇಕಾಗಿಲ್ಲ. ದುಡ್ಡು ನಾನೇ ಹಾಕಿದೀನಿ."

ಈ ಕೊನೆಯ ಮಾತಿನಿಂದ ಸಮಾಧಾನವಾಗುತ್ತದೆ ಎಂದು ಅವರು ನಿಜವಾಗಿ ನಂಬಿದ್ದರು.

"ಅಂದ್ರೆ ನಮಗೆ ಧರ್ಮದ ಟಿಕೆಟ್ಟು," ಎಂದರು ಅಕ್ಕ. ದನಿ ಏರಲಿಲ್ಲ, ಅದೇ ಭಯಂಕರ. "ತಂಗಿ ಮನೇಲಿ ಒಂದು ರಾತ್ರಿ ಮಲಗೋಕೆ ಟಿಕೆಟ್ಟು. ಹೋಟೆಲಿನವರು ಜೇಬಿಗೆ ಕೈ ಹಾಕ್ತಿರಲಿಲ್ಲ. ಏಳಿ, ಹೊರಡೋಣ."

ಭಾವ ಇನ್ನೂ ಒಂದು ತುಂಡು ಬ್ರೆಡ್ಡಿಗೆ ಜಾಮು ಹಚ್ಚಿ ಇಟ್ಟುಕೊಂಡಿದ್ದರು. ಅದನ್ನೂ ಹೆಂಡತಿಯನ್ನೂ ಒಮ್ಮೆ ನೋಡಿ, ಬ್ರೆಡ್ಡನ್ನು ಕೈಯಲ್ಲಿ ಹಿಡಿದೇ ಎದ್ದರು. ಅಕ್ಕ ಮಹಡಿ ಹತ್ತಿ ಚೀಲ ತಂದರು. ಟೀಚರಮ್ಮ ಹಿಂದೆ ಹಿಂದೆ ಹತ್ತಿ, ಹಿಂದೆ ಹಿಂದೆ ಇಳಿದು, ಇವರಿಗೆ ಬುದ್ಧಿ ಇಲ್ಲ ಅಕ್ಕ, ಬಸ್ಸಿನಲ್ಲಿ ಕೆಟ್ಟುಹೋಗಿದಾರೆ, ಕ್ಷಮಿಸು ಎಂದು ಬೇಡಿಕೊಂಡರು. ಅಕ್ಕ ಚಪ್ಪಲಿ ಮೆಟ್ಟಿ ಬಾಗಿಲ ಚಿಲಕಕ್ಕೆ ಕೈ ಹಾಕಿದರು. ಅದೇ ಹೊತ್ತಿಗೆ ಹೊರಗಿನಿಂದ ಯಾರೋ ಗಂಟೆ ಬಾರಿಸಿದರು.

ನಿಂತಿದ್ದವರು ತೆರಿಗೆಯ ಚೆಕಿಂಗಿನವರೊಬ್ಬರು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಬರೆಯುವ ಹಲಗೆ, ಮೂಗು ಕಟ್ಟಿಕೊಂಡು ಕೆಂಪಾಗಿತ್ತು.

"ನಿನ್ನೆ ರಾತ್ರಿ ಮಹಡಿಯಲ್ಲಿ ಯಾರಿದ್ರು?" ಎಂದು ಕೇಳಿದರು.

ಕಂಡಕ್ಟರ ಬೆನ್ನು ನೆಟ್ಟಗಾಯಿತು. ಮನೆಗೆ ಬೆಂಕಿ ಬಿದ್ದಿರುವುದು ಮರೆತೇಹೋಯಿತು. ಚೆಕಿಂಗಿನವರು ಬಂದಿದ್ದಾರೆ, ಟಿಕೆಟ್ ಆಗಿದೆ. ಮನುಷ್ಯನಿಗೆ ಇನ್ನೇನು ಬೇಕು. ಮೇಜಿನ ಮೇಲಿದ್ದ ಚೀಟಿಯನ್ನು ಎತ್ತಿ, ಜಾಮನ್ನು ಪಂಚೆಗೆ ಒರೆಸಿ ಕೊಟ್ಟರು. "ಇಬ್ಬರು, ಸಾರ್. ಟಿಕೆಟ್ ಆಗಿದೆ."

ಚೆಕಿಂಗಿನವರು ಚೀಟಿ ನೋಡಿದರು, ಫೋನು ನೋಡಿದರು, ಮತ್ತೆ ಚೀಟಿ ನೋಡಿದರು. "ಆ್ಯಪಲ್ಲಿ ನಿನ್ನೆ ನಿಮಗೆ ಬುಕಿಂಗೇ ಇಲ್ಲ. ಹೊರಗಿಂದ ಹೊರಗೇ ಜನ ಇಟ್ಕೊಂಡಿದೀರಿ ಅಂತಾಯ್ತು. ಇದಕ್ಕೆ ಲೈಸೆನ್ಸ್ ಹೋಗುತ್ತೆ."

"ಬಾಡಿಗೆಗೆ ಅಲ್ಲ," ಎಂದರು ಟೀಚರಮ್ಮ. "ಇವರು ನನ್ನ ಅಕ್ಕ."

"ಅಕ್ಕನಿಗೆ ಯಾರಾದ್ರೂ ಟಿಕೆಟ್ ಕೊಡ್ತಾರಾ ಅಮ್ಮ?"

"ಅದನ್ನೇ ನಾನೂ ಕೇಳ್ತಾ ಇದೀನಿ," ಎಂದರು ಅಕ್ಕ.

"ನೆಂಟರಿಗೆ ತೆರಿಗೆ ಇಲ್ಲ, ಯಾವತ್ತೂ ಇರಲಿಲ್ಲ. ದುಡ್ಡು ಕೊಟ್ಟು ತಂಗೋರಿಗೆ ಮಾತ್ರ," ಎಂದು ಚೆಕಿಂಗಿನವರು ಸೀನಿದರು. ಕಂಡಕ್ಟರು ಗೋಡೆ ಹಿಡಿದುಕೊಂಡರು. ಅಂದರೆ ಕೊಡಬಾರದ ಟಿಕೆಟ್ ಕೊಟ್ಟಿದ್ದಾರೆ. ಅವರ ಸರ್ವೀಸಿನಲ್ಲಿ ಇಂಥದ್ದಕ್ಕೆ ಹೆಸರೂ ಇರಲಿಲ್ಲ.

"ಆದ್ರೆ ಈ ಬೀದೀಲಿ ನಾನು ಕೇಳಿದವರೆಲ್ಲ ನೆಂಟರೇ," ಎಂದು ಚೆಕಿಂಗಿನವರು ಮುಂದುವರಿಸಿದರು. "ಎದುರುಮನೇಲಿ ನಾಲ್ಕು ಜನ ದೊಡ್ಡಪ್ಪನ ಮಕ್ಕಳು ಸಿಕ್ಕಿದ್ರು. ನಾನು ಹೇಗೆ ನಂಬೋದು? ನೀವೇ ಹೇಳಿ ಅಮ್ಮ, ನೀವು ಇವರ ಅಕ್ಕಾನಾ?"

ಪ್ರಶ್ನೆ ಅಕ್ಕನಿಗೆ. ಅಕ್ಕ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಗಲ್ಲ ಮೇಲೆ ಹೋಯಿತು.

"ನಾನು ಟಿಕೆಟ್ ತಗೊಂಡು ಮಲಗಿದವಳು," ಎಂದರು. "ಇವರು ಯಾರೋ ನನಗೆ ಗೊತ್ತಿಲ್ಲ."

ಭಾವ ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿದರು. ಟೀಚರಮ್ಮನಿಗೆ ಅಳು ಬರಬೇಕಾಗಿತ್ತು, ಅವರೂ ಅಳುವಿಗೇ ಕಾದರು. ಬಂದದ್ದು ಮಾತ್ರ ಸಿಟ್ಟು, ಎಷ್ಟೋ ವರ್ಷದ ಹಳೆಯ ಸಿಟ್ಟು.

"ಗೊತ್ತಿಲ್ವಾ?" ಎಂದರು. "ಮದುವೆ ಆಗೋ ತನಕ ಕಿಟಕಿ ಪಕ್ಕದ ಹಾಸಿಗೆ ಒಂದು ದಿನಾನೂ ಬಿಟ್ಟುಕೊಡಲಿಲ್ವಲ್ಲ, ಯಾರಿಗೆ ಬಿಟ್ಟುಕೊಡಲಿಲ್ಲ? ಗೊತ್ತಿಲ್ದೋರಿಗಾ?"

"ನೀನು ನಿದ್ದೇಲಿ ಒದೀತಿದ್ದೆ ಕಣೇ," ಎಂದರು ಅಕ್ಕ. ಚೀಲ ನೆಲಕ್ಕೆ ಬಿತ್ತು. "ಕಿಟಕಿ ಕಡೆ ಮಲಗಿಸಿದ್ರೆ ಗಾಜು ಒಡೀತಿದ್ದೆ. ಸಿನಿಮಾಗೆ ಹೋಗಿದ್ದು ಅಪ್ಪನಿಗೆ ಹೇಳಿದ್ದು ಯಾರು?"

"ಹಸಿರು ಫ್ರಾಕಿಗೆ ಇಂಕು ಚೆಲ್ಲಿ, ತಪ್ಪು ನನ್ನ ಮೇಲೆ ಹಾಕಿದ್ದು ಯಾರು?"

"ಅದು ನನ್ನ ಫ್ರಾಕು."

"ನಿನಗೆ ಬಿಗಿ ಆದ ಮೇಲೆ ನಂದು."

"ಬಿಗಿ ಆಗಿರಲಿಲ್ಲ. ನೀನು ಬಿಸಿನೀರಲ್ಲಿ ನೆನೆಸಿ ಬಿಗಿ ಮಾಡಿದ್ದೆ, ಕಳ್ಳಿ."

"ಆಯ್ತು, ನನಗೆ ಗೊತ್ತಾಯ್ತು," ಎಂದರು ಚೆಕಿಂಗಿನವರು.

"ನೀವು ಸುಮ್ನಿರಿ," ಎಂದರು ಇಬ್ಬರೂ ಒಟ್ಟಿಗೆ.

ಜಗಳ ಫ್ರಾಕಿನಿಂದ ಮದುವೆಯ ಸೀರೆಗೆ ಹೋಯಿತು, ಸೀರೆಯಿಂದ ಹೊಲಿಗೆ ಯಂತ್ರಕ್ಕೆ ಬಂತು. ತಲೆ ಇಲ್ಲದ ಯಂತ್ರ ಇಟ್ಟುಕೊಂಡು ಏನು ಮಾಡಿದೆ, ಕಾಲಿಲ್ಲದ್ದನ್ನು ಇಟ್ಟುಕೊಂಡು ನೀನೇನು ಮಾಡಿದೆ. ಕಂಡಕ್ಟರೂ ಭಾವನೂ ಕಿಟಕಿಯ ಕಡೆಗೆ ಸರಿದು ನಿಂತರು. ಚೆಕಿಂಗಿನವರಿಗೆ ಯಾರೂ ಕುರ್ಚಿ ಕೊಡದಿದ್ದರಿಂದ ತಾವೇ ಎಳೆದುಕೊಂಡು ಕೂತರು.

ಆಮೇಲೆ ಇದ್ದಕ್ಕಿದ್ದಂತೆ ಅಕ್ಕನ ದನಿ ಒಡೆಯಿತು. "ಯಂತ್ರ ಹಾಳಾಗಿ ಹೋಗಲಿ. ಅಮ್ಮ ಆಸ್ಪತ್ರೆಗೆ ಸೇರಿದಾಗ ನನಗೆ ಯಾಕೆ ಹೇಳಲಿಲ್ಲ? ನಾನು ಬರುವಷ್ಟರಲ್ಲಿ ಅವಳಿಗೆ ನನ್ನ ಗುರುತೂ ಸಿಗಲಿಲ್ಲ ಪುಟ್ಟಿ."

"ಹೇಳಿದ್ರೆ ನೀನು ಅಳ್ತಿದ್ದೆ," ಎಂದರು ಟೀಚರಮ್ಮ. "ನೀನು ಅತ್ರೆ ನಾನು ಅಳ್ತಿದ್ದೆ. ಅಮ್ಮನ ಮುಂದೆ ಅಳದೇ ನಿಲ್ಲೋಕೆ ಯಾರಾದ್ರೂ ಬೇಕಿತ್ತಲ್ಲೇ. ನನ್ನದು ತಪ್ಪು. ದಿನಾ ಅನಿಸುತ್ತೆ, ನನ್ನದೇ ತಪ್ಪು."

ಈಗ ಇಬ್ಬರೂ ಅತ್ತರು, ಒಬ್ಬರ ಹೆಗಲ ಮೇಲೆ ಒಬ್ಬರು ಮುಖವಿಟ್ಟು, ಶಿಶುವಿಹಾರದ ಮೊದಲ ದಿನದ ಮಕ್ಕಳ ಹಾಗೆ ದನಿ ತೆಗೆದು. ಭಾವ ಕಣ್ಣು ಒರೆಸಿಕೊಂಡರು, ಕೈಗಂಟಿದ ಜಾಮು ಹುಬ್ಬಿಗೆ ಹತ್ತಿತು. ಚೆಕಿಂಗಿನವರು ಜೇಬಿನಿಂದ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು, ಅದು ನೆಗಡಿಯೇ ಇರಬಹುದು.

"ದುಡ್ಡು ಕೊಟ್ಟು ತಂಗೋರು ಬಿಸಿನೀರು ಬರ್ತಿಲ್ಲ ಅಂತ ಜಗಳ ಆಡ್ತಾರೆ," ಎಂದರು ಅವರು. "ಫ್ರಾಕಿಗೆ ಆಡಲ್ಲ." ಹಲಗೆಯ ಮೇಲೆ 'ನೆಂಟರು, ಖಚಿತ' ಎಂದು ಬರೆದುಕೊಂಡು ಎದ್ದರು. ಇಂಥ ಟಿಕೆಟ್ ಇನ್ನು ಮೇಲೆ ನೆಂಟರಿಗೆ ಕೊಡಕೂಡದು ಎಂದು ಕಂಡಕ್ಟರಿಗೆ ಬಾಯಿಮಾತಿನಲ್ಲಿ ಎಚ್ಚರಿಕೆ ಕೊಟ್ಟರು. ಅದು ಮೆಮೊ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಲು ಕಂಡಕ್ಟರು ಗೇಟಿನವರೆಗೆ ಅವರ ಹಿಂದೆ ಹೋದರು.

ವಾಪಸ್ಸು ಬಂದಾಗ ಅಕ್ಕನ ಚಪ್ಪಲಿ ಮೂಲೆಯಲ್ಲಿತ್ತು. ಅಕ್ಕ ಮೇಜಿನ ಮುಂದೆ ಕೂತು ಆರಿದ ಚಹಾವನ್ನೇ ಕುಡಿಯುತ್ತಾ, "ಸೀರೆ ವಿಷಯ ಇನ್ನೂ ಮುಗಿದಿಲ್ಲ ಪುಟ್ಟಿ. ಅದನ್ನ ಇತ್ಯರ್ಥ ಮಾಡದೆ ನಾನು ಹೋಗೋಳಲ್ಲ," ಎನ್ನುತ್ತಿದ್ದರು. ಭಾವ ಆಗಲೇ ಸೋಫಾದಲ್ಲಿ ಗೊರಕೆ ಹೊಡೆಯುತ್ತಿದ್ದರು.

ಕಂಡಕ್ಟರು ಹೆಂಡತಿಯ ಕಿವಿಯ ಹತ್ತಿರ ಬಗ್ಗಿದರು. "ನಾಳೆ ಸಂಜೆಗೆ ಮಹಡಿ ಬುಕ್ ಆಗಿದೆ ಕಣೇ. ಇಬ್ಬರು ದೊಡ್ಡವರು, ಮೂರು ರಾತ್ರಿ. ಅವರಿಗೇನು ಹೇಳ್ಲಿ?"

"ಬರಬೇಡಿ ಅಂತ ಹೇಳಿ," ಎಂದರು ಟೀಚರಮ್ಮ. "ಮನೇಲಿ ನೆಂಟರಿದಾರೆ."